ಎರಡನೆಯ ಭಾಷೆಯಾಗಿ ಕನ್ನಡ ಕಲಿಯುವವರಲ್ಲಿ ಪ್ರತ್ಯಯಯುಕ್ತ ಪದಗಳ ಗ್ರಹಿಕೆ

ಎರಡನೆಯ ಭಾಷೆಯಾಗಿ ಕನ್ನಡ ಕಲಿಯುವವರಲ್ಲಿ ಪ್ರತ್ಯಯಯುಕ್ತ ಪದಗಳ ಗ್ರಹಿಕೆ ಎಂಬುದು ಮನೋಭಾಷಾವಿಜ್ಞಾನ ಮತ್ತು ಭಾಷಾಬೋಧನೆ ಇವೆರಡಕ್ಕೂ ಸೇರಿದ ವಿಷಯವಾಗಿದೆ. ಕನ್ನಡ ಮನೆಮಾತಲ್ಲದ ವ್ಯಕ್ತಿಯು "ಮನೆಯಲ್ಲಿ", "ಮರಕ್ಕೆ", "ಬಂದಿದ್ದಳು" ಮೊದಲಾದ ರೂಪಗಳನ್ನು ಓದುವಾಗ ಅಥವಾ ಕೇಳುವಾಗ ಅವನ್ನು ಇಡಿಯಾಗಿ ನೆನಪಿನಿಂದ ಗುರುತಿಸುವನೇ, ಇಲ್ಲವೇ ಪ್ರಕೃತಿ ಮತ್ತು ಪ್ರತ್ಯಯಗಳಾಗಿ ಬಿಡಿಸಿ ಅರ್ಥಮಾಡಿಕೊಳ್ಳುವನೇ ಎಂಬುದು ಈ ವಿಷಯದ ಮೂಲಪ್ರಶ್ನೆ. ಇದೇ ಪ್ರಶ್ನೆಯನ್ನು ಫಿನ್ನಿಷ್, ತುರ್ಕಿ, ಸ್ವೀಡಿಷ್ ಮೊದಲಾದ ಭಾಷೆಗಳಲ್ಲಿ ಪ್ರಯೋಗಗಳ ಮೂಲಕ ಪರಿಶೀಲಿಸಲಾಗಿದೆ. ಅವುಗಳಲ್ಲಿ ಫಿನ್ನಿಷ್ ಮತ್ತು ತುರ್ಕಿ ಭಾಷೆಗಳು ಕನ್ನಡದಂತೆಯೇ ಪದದ ಕೊನೆಗೆ ಪ್ರತ್ಯಯಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸುವ ಅಂಟು ಭಾಷೆಗಳಾಗಿವೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಶೈಕ್ಷಣಿಕ ಮಹತ್ವವಿದೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ದಾಖಲಿಸಿದವರು ಸುಮಾರು ಶೇ. 66, ಉರ್ದು ಸುಮಾರು ಶೇ. 11. ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ ಮೊದಲಾದ ಭಾಷೆಗಳನ್ನಾಡುವವರೂ ಇದ್ದಾರೆ. ಹೀಗಾಗಿ ರಾಜ್ಯದ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ಕನ್ನಡವು ಮನೆಯ ಹೊರಗೆ ಕಲಿಯಬೇಕಾದ ಭಾಷೆ. ಕಲಬುರಗಿ ನಗರದ ಶಹಾಬಜಾರದಂತಹ ಬಡಾವಣೆಗಳು ಮತ್ತು ಕಮಲಾಪುರ ಭಾಗದ ತಾಂಡಾಗಳು ಇಂತಹ ಕಲಿಕೆ ನಡೆಯುವ ಬಹುಭಾಷಿಕ ಪರಿಸರಕ್ಕೆ ಉದಾಹರಣೆಗಳಾಗಿವೆ.

ಪರಿಭಾಷೆ

ವ್ಯಾಕರಣದಲ್ಲಿ ಪದದ ಮೂಲರೂಪವನ್ನು ಪ್ರಕೃತಿ ಎಂದೂ, ಅದಕ್ಕೆ ಹತ್ತಿ ವ್ಯಾಕರಣಸಂಬಂಧವನ್ನು ಸೂಚಿಸುವ ಅಂಶವನ್ನು ಪ್ರತ್ಯಯ ಎಂದೂ ಕರೆಯುತ್ತಾರೆ. ನಾಮಪ್ರಕೃತಿಗೆ ವಿಭಕ್ತಿಪ್ರತ್ಯಯ ಸೇರಿ ನಾಮಪದವೂ, ಧಾತುವಿಗೆ ಕಾಲಸೂಚಕ ಮತ್ತು ಆಖ್ಯಾತ ಪ್ರತ್ಯಯಗಳು ಸೇರಿ ಕ್ರಿಯಾಪದವೂ ಆಗುತ್ತವೆ. ಇಂತಹ ರೂಪಗಳನ್ನು ಈ ಲೇಖನದಲ್ಲಿ ಪ್ರತ್ಯಯಯುಕ್ತ ಪದಗಳು ಎಂದು ಕರೆಯಲಾಗಿದೆ. ಎರಡನೆಯ ಭಾಷೆ ಎಂದರೆ ಮಗುವು ಮನೆಯಲ್ಲಿ ಮೊದಲು ಪಡೆದ ಭಾಷೆಯ ನಂತರ ಕಲಿತ ಭಾಷೆ. ಶಾಲಾ ಪಠ್ಯಕ್ರಮದಲ್ಲಿ ಬಳಸುವ ಪ್ರಥಮ, ದ್ವಿತೀಯ, ತೃತೀಯ ಭಾಷೆ ಎಂಬ ವಿಂಗಡಣೆ ಬೇರೆ. ಮನೆಯಲ್ಲಿ ಲಂಬಾಣಿಯಾಡುವ ಮಗುವಿಗೆ ಶಾಲಾ ದಾಖಲೆಯಲ್ಲಿ ಕನ್ನಡ ಪ್ರಥಮ ಭಾಷೆಯಾಗಿದ್ದರೂ ಮನೋಭಾಷಾವಿಜ್ಞಾನದ ಅರ್ಥದಲ್ಲಿ ಅದು ಎರಡನೆಯ ಭಾಷೆಯೇ ಆಗಿರುತ್ತದೆ.

ಕನ್ನಡ ಪದದ ರಚನೆ

ಶಾಲಾ ವ್ಯಾಕರಣಗಳು ಸಂಸ್ಕೃತದ ಕ್ರಮವನ್ನು ಅನುಸರಿಸಿ ಕನ್ನಡಕ್ಕೆ ಏಳು ವಿಭಕ್ತಿಗಳನ್ನು ಹೇಳುತ್ತವೆ. ಪಂಚಮಿಗೆ ಹೇಳುವ "ದೆಸೆಯಿಂದ" ಎಂಬುದರಲ್ಲಿ ತೃತೀಯೆಯ "ಇಂದ" ಪ್ರತ್ಯಯವೇ ಇದೆ. ಪ್ರತ್ಯಯಗಳ ಸಂಖ್ಯೆ ಚಿಕ್ಕದಾದರೂ ಅವು ಪ್ರಕೃತಿಯೊಡನೆ ಕೂಡುವ ರೀತಿ ಒಂದೇ ತೆರನಾಗಿಲ್ಲ. ಕೆಳಗಿನ ಐದು ಪದಗಳಲ್ಲಿ ಈ ವ್ಯತ್ಯಾಸವನ್ನು ಕಾಣಬಹುದು.

• ಮನೆ: ಮನೆಯನ್ನು, ಮನೆಗೆ, ಮನೆಯಿಂದ, ಮನೆಯ, ಮನೆಯಲ್ಲಿ
• ಮರ: ಮರವನ್ನು, ಮರಕ್ಕೆ, ಮರದಿಂದ, ಮರದ, ಮರದಲ್ಲಿ
• ಊರು: ಊರನ್ನು, ಊರಿಗೆ, ಊರಿನಿಂದ, ಊರಿನ, ಊರಿನಲ್ಲಿ
• ಹುಡುಗ: ಹುಡುಗನನ್ನು, ಹುಡುಗನಿಗೆ, ಹುಡುಗನಿಂದ, ಹುಡುಗನ, ಹುಡುಗನಲ್ಲಿ
• ನಾನು: ನನ್ನನ್ನು, ನನಗೆ, ನನ್ನಿಂದ, ನನ್ನ, ನನ್ನಲ್ಲಿ

"ಮನೆಗೆ" ಎಂಬಲ್ಲಿ ಪ್ರಕೃತಿ ಮತ್ತು ಪ್ರತ್ಯಯ ಎರಡೂ ಬದಲಾಗದೆ ಪಕ್ಕಪಕ್ಕದಲ್ಲಿವೆ. "ಮನೆಯಲ್ಲಿ" ಎಂಬಲ್ಲಿ ನಡುವೆ ಯಕಾರ ಆಗಮವಾಗಿದೆ. "ಮರದಲ್ಲಿ" ಎಂಬಲ್ಲಿ ದಕಾರವೂ "ಊರಿನಲ್ಲಿ" ಎಂಬಲ್ಲಿ "ಇನ್" ಎಂಬ ಅಂಶವೂ ಸೇರಿವೆ. "ನನಗೆ" ಎಂಬಲ್ಲಿ "ನಾನು" ಎಂಬ ಪ್ರಕೃತಿಯ ಸ್ವರವೇ ಹ್ರಸ್ವವಾಗಿದೆ. "ಮರ" ಮತ್ತು "ಹುಡುಗ" ಎರಡೂ ಅಕಾರಾಂತ ಪದಗಳಾದರೂ ಒಂದಕ್ಕೆ "ಕ್ಕೆ", ಮತ್ತೊಂದಕ್ಕೆ "ನಿಗೆ" ಬರುತ್ತದೆ. ಇದನ್ನು ನಿರ್ಧರಿಸುವುದು ಪದದ ಧ್ವನಿಯಲ್ಲ, ಲಿಂಗ. ಅದು ವಸ್ತುವನ್ನು ಸೂಚಿಸುತ್ತದೆಯೋ ಪುರುಷನನ್ನು ಸೂಚಿಸುತ್ತದೆಯೋ ಎಂಬುದು ತಿಳಿಯದೆ ಸರಿಯಾದ ರೂಪವನ್ನು ರಚಿಸಲಾಗದು.

ಕ್ರಿಯಾಪದಗಳಲ್ಲಿಯೂ ಇದೇ ಸ್ಥಿತಿಯಿದೆ. "ಮಾಡು" ಎಂಬುದರಿಂದ "ಮಾಡಿದ", "ಓದು" ಎಂಬುದರಿಂದ "ಓದಿದ" ಆಗುವುದು ನಿಯಮಿತ. ಆದರೆ "ಬರು" ಎಂಬುದು "ಬಂದ", "ಕೊಡು" ಎಂಬುದು "ಕೊಟ್ಟ", "ಬೀಳು" ಎಂಬುದು "ಬಿದ್ದ", "ಏಳು" ಎಂಬುದು "ಎದ್ದ" ಎಂದಾಗುತ್ತವೆ. ಈ ಅನಿಯಮಿತ ಧಾತುಗಳಲ್ಲಿ ಹೆಚ್ಚಿನವು ದಿನಬಳಕೆಯವು.

ಪ್ರತ್ಯಯದ ನಂತರ "ಊ", "ಏ", "ಓ" ಮೊದಲಾದ ಅವ್ಯಯಗಳೂ ಅಂಟಿಕೊಳ್ಳುತ್ತವೆ: ಮನೆ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೂ. ಫಿನ್ನಿಷ್ ಭಾಷೆಯಲ್ಲಿ "ತಲೊ" ಎಂದರೆ ಮನೆ, "ತಲೊಸ್ಸ" ಎಂದರೆ ಮನೆಯಲ್ಲಿ, "ತಲೊಸ್ಸಕಿನ್" ಎಂದರೆ ಮನೆಯಲ್ಲಿಯೂ. ಅಲ್ಲಿಯೂ ಪ್ರಕೃತಿ ಬದಲಾಗುವುದುಂಟು. "ವೆಸಿ" ಎಂದರೆ ನೀರು, "ವೆದೆನ್" ಎಂದರೆ ನೀರಿನ. ಫಿನ್ನಿಷ್‌ಗೆ 15 ವಿಭಕ್ತಿಗಳನ್ನು ಹೇಳಲಾಗುತ್ತದೆ. ವಚನ, ಸ್ವಾಮ್ಯಸೂಚಕ ಪ್ರತ್ಯಯ ಮತ್ತು ಅವ್ಯಯಗಳನ್ನೂ ಲೆಕ್ಕಹಾಕಿದರೆ ಒಂದು ನಾಮಪದಕ್ಕೆ ಎರಡು ಸಾವಿರದಷ್ಟು ರೂಪಗಳು ಸಾಧ್ಯ.

ಗ್ರಹಿಕೆಯ ಎರಡು ದಾರಿಗಳು

ಓದುಗನ ಮನಸ್ಸಿನಲ್ಲಿರುವ ಪದಸಂಗ್ರಹವನ್ನು ಮನೋಕೋಶ ಎಂದು ಕರೆಯಲಾಗುತ್ತದೆ. ಪ್ರತ್ಯಯಯುಕ್ತ ಪದವನ್ನು ಗುರುತಿಸಲು ಎರಡು ದಾರಿಗಳಿವೆ. ಮೊದಲನೆಯದು ಇಡಿರೂಪದ ದಾರಿ. ಇದರಲ್ಲಿ "ಮನೆಗೆ" ಎಂಬುದು ಒಂದು ಸ್ವತಂತ್ರ ಪದವೆಂಬಂತೆ ಮನೋಕೋಶದಲ್ಲಿ ಸೇರಿರುತ್ತದೆ. ಎರಡನೆಯದು ಬಿಡಿಸುವ ದಾರಿ. ಇದರಲ್ಲಿ "ಮನೆ" ಮತ್ತು "ಗೆ" ಬೇರೆಬೇರೆಯಾಗಿದ್ದು, ಓದುವ ಕ್ಷಣದಲ್ಲಿ ಅವನ್ನು ಬೇರ್ಪಡಿಸಿ ಅರ್ಥವನ್ನು ಕೂಡಿಸಲಾಗುತ್ತದೆ. 1975ರಲ್ಲಿ ಮಾರ್ಕಸ್ ಟಾಫ್ಟ್ ಮತ್ತು ಕೆನೆತ್ ಫಾರ್ಸ್ಟರ್ ಅವರು ಇಂಗ್ಲಿಷಿನ ಪೂರ್ವಪ್ರತ್ಯಯಗಳುಳ್ಳ ಪದಗಳನ್ನು ಕುರಿತು ಪ್ರಕಟಿಸಿದ ಪ್ರಬಂಧವು ಬಿಡಿಸುವ ದಾರಿಯ ಚರ್ಚೆಗೆ ಬುನಾದಿಯಾಯಿತು.

ಇಡಿರೂಪದ ದಾರಿ ವೇಗವಾದುದು. ಆದರೆ ಹಿಂದೆ ಎದುರಾಗದ ರೂಪವು ಬಂದಾಗ ಅದು ನೆರವಾಗದು. ಬಿಡಿಸುವ ದಾರಿಗೆ ಹೆಚ್ಚು ಸಮಯ ಬೇಕು. ಆದರೆ ಒಮ್ಮೆ ಪ್ರತ್ಯಯ ತಿಳಿದರೆ ಯಾವ ಹೊಸ ಪದಕ್ಕಾದರೂ ಅದನ್ನು ಅನ್ವಯಿಸಬಹುದು. ಜಾರ್ಜ್ ಹ್ಯಾಂಕಮರ್ 1989ರಲ್ಲಿ ತುರ್ಕಿ ಭಾಷೆಯನ್ನು ಆಧಾರವಾಗಿಟ್ಟುಕೊಂಡು, ಅಂಟು ಭಾಷೆಗಳ ಎಲ್ಲ ರೂಪಗಳನ್ನು ನೆನಪಿನಲ್ಲಿಡುವುದು ಅಸಾಧ್ಯವಾದ್ದರಿಂದ ಬಿಡಿಸುವಿಕೆ ಅನಿವಾರ್ಯ ಎಂದು ವಾದಿಸಿದರು. ಇದೇ ವಾದ ಕನ್ನಡಕ್ಕೂ ಅನ್ವಯಿಸುತ್ತದೆ. "ಮನೆಗೆ" ಎಂಬುದನ್ನು ಕಲಿಯುವವನು ದಿನವೂ ಕೇಳಬಹುದು. "ಜಲಾಶಯಗಳಿಂದಲೇ" ಎಂಬುದು ಅವನಿಗೆ ವರ್ಷದಲ್ಲಿ ಒಮ್ಮೆಯೂ ಎದುರಾಗದಿರಬಹುದು.

ಯಾವ ದಾರಿ ಬಳಕೆಯಾಗುತ್ತದೆ ಎಂಬುದನ್ನು ಮುಖ್ಯವಾಗಿ ಮೂರು ಅಂಶಗಳು ನಿರ್ಧರಿಸುತ್ತವೆ: ಆ ರೂಪ ಎಷ್ಟು ಸಲ ಎದುರಾಗುತ್ತದೆ, ಪ್ರಕೃತಿ ಮತ್ತು ಪ್ರತ್ಯಯಗಳ ಕೂಡುಗೆ ಎಷ್ಟು ಸ್ಪಷ್ಟವಾಗಿದೆ, ಹಾಗೂ ಕಲಿಯುವವನ ಮೊದಲ ಭಾಷೆ ಯಾವ ಬಗೆಯದು.

ಅಧ್ಯಯನ ವಿಧಾನಗಳು

• ಪದನಿರ್ಣಯ ಪರೀಕ್ಷೆ: ಪರದೆಯ ಮೇಲೆ ಕಾಣುವ ಅಕ್ಷರಗುಚ್ಛವು ನಿಜವಾದ ಪದವೇ ಅಲ್ಲವೇ ಎಂದು ಗುಂಡಿ ಒತ್ತಿ ತಿಳಿಸಬೇಕು. ಪ್ರತಿಕ್ರಿಯೆಯ ಸಮಯವನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಅಳತೆಯಲ್ಲಿ ದಾಖಲಿಸಲಾಗುತ್ತದೆ. ಅಷ್ಟೇ ಉದ್ದ ಮತ್ತು ಬಳಕೆಯ ಪ್ರತ್ಯಯರಹಿತ ಪದಕ್ಕಿಂತ ಪ್ರತ್ಯಯಯುಕ್ತ ಪದಕ್ಕೆ ಹೆಚ್ಚು ಸಮಯ ಹಿಡಿದರೆ ಬಿಡಿಸುವಿಕೆ ನಡೆದಿದೆ ಎಂದು ಊಹಿಸಲಾಗುತ್ತದೆ.
• ಮರೆಮಾಡಿದ ಪೂರ್ವಸೂಚನೆ: ಗುರಿಪದಕ್ಕೆ ಮೊದಲು ಅದರ ಪ್ರತ್ಯಯಯುಕ್ತ ರೂಪವನ್ನು, ಓದುಗನ ಅರಿವಿಗೆ ಬಾರದಷ್ಟು ಅಲ್ಪಕಾಲ ತೋರಿಸಲಾಗುತ್ತದೆ. ಇದರಿಂದ ಗುರಿಪದದ ಗುರುತಿಸುವಿಕೆ ಚುರುಕಾದರೆ, ಮನಸ್ಸು ಪ್ರಕೃತಿಯನ್ನು ಬೇರ್ಪಡಿಸಿಕೊಂಡಿದೆ ಎಂದು ತಿಳಿಯಲಾಗುತ್ತದೆ.
• ಕಣ್ಣಿನ ಚಲನೆಯ ದಾಖಲಾತಿ: ವಾಕ್ಯವನ್ನು ಓದುವಾಗ ದೃಷ್ಟಿಯು ಯಾವ ಪದದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿ ಹಿಂದಿರುಗುತ್ತದೆ ಎಂಬುದನ್ನು ಅಳೆಯಲಾಗುತ್ತದೆ.
• ಮಿದುಳಿನ ಅಧ್ಯಯನ: ತಲೆಯ ಮೇಲೆ ಇರಿಸಿದ ವಿದ್ಯುದ್ವಾರಗಳಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು, ಕಾಂತೀಯ ಅನುರಣನ ಚಿತ್ರಣದಿಂದ ಚಟುವಟಿಕೆಯ ಭಾಗಗಳನ್ನು ಗುರುತಿಸುವುದು ಇದರಲ್ಲಿ ಸೇರುತ್ತವೆ.
• ಕಲ್ಪಿತ ಪದ ಪರೀಕ್ಷೆ: 1958ರಲ್ಲಿ ಜೀನ್ ಬರ್ಕೊ ರೂಪಿಸಿದ ಈ ವಿಧಾನದಲ್ಲಿ ಭಾಷೆಯಲ್ಲಿಲ್ಲದ ಪದವೊಂದನ್ನು ಕೊಟ್ಟು ಅದರ ಬೇರೊಂದು ರೂಪವನ್ನು ಹೇಳಿಸಲಾಗುತ್ತದೆ. ಹಿಂದೆ ಕೇಳಿರದ ಪದವಾದ್ದರಿಂದ ಸರಿಯುತ್ತರವು ಕಂಠಪಾಠದಿಂದ ಬಂದಿರಲಾರದು. ಕನ್ನಡಕ್ಕೆ ಇದನ್ನು ಅನ್ವಯಿಸುವುದಾದರೆ, "ಟಿಮ" ಎಂಬುದನ್ನು ಒಂದು ವಸ್ತುವಿನ ಹೆಸರೆಂದು ಹೇಳಿದಾಗ "ಟಿಮಕ್ಕೆ" ಎಂದೂ, ಒಬ್ಬ ಹುಡುಗನ ಹೆಸರೆಂದು ಹೇಳಿದಾಗ "ಟಿಮನಿಗೆ" ಎಂದೂ ಉತ್ತರ ಬರಬೇಕು.

ಫಿನ್ನಿಷ್ ಮತ್ತು ಇತರ ಭಾಷೆಗಳ ಅಧ್ಯಯನಗಳು

ಫಿನ್ಲೆಂಡಿನಲ್ಲಿ ಯೂಸ್ಸಿ ನಿಯೆಮಿ, ಮಟ್ಟಿ ಲೈನೆ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಒಂದು ಮಾದರಿಯನ್ನು ಮಂಡಿಸಿದರು. ಅದರ ಪ್ರಕಾರ ಫಿನ್ನಿಷ್‌ನ ವಿಭಕ್ತಿರೂಪಗಳು ಸಾಮಾನ್ಯವಾಗಿ ಬಿಡಿಸಿಯೇ ಗ್ರಹಿಸಲ್ಪಡುತ್ತವೆ, ಮತ್ತು ಪ್ರಕೃತಿಯ ಬದಲಿರೂಪಗಳು ಮನೋಕೋಶದಲ್ಲಿ ತಮ್ಮದೇ ಸ್ಥಾನ ಪಡೆದಿರುತ್ತವೆ. ಈ ಮಾದರಿಯನ್ನು ಕನ್ನಡಕ್ಕೆ ಅನ್ವಯಿಸಿದರೆ "ನಾನು" ಎಂಬುದರ ಜೊತೆಗೆ "ನನ್" ಎಂಬ ರೂಪವನ್ನೂ ಕಲಿಯುವವನು ಸಂಗ್ರಹಿಸಿಕೊಳ್ಳಬೇಕಾಗುತ್ತದೆ.

ಮಿನ್ನಾ ಲೆಹ್ತೊನೆನ್ ಮತ್ತು ಮಟ್ಟಿ ಲೈನೆ 2003ರಲ್ಲಿ ಪ್ರಕಟಿಸಿದ ಅಧ್ಯಯನವು ಫಿನ್ನಿಷ್ ಮಾತ್ರ ಬಲ್ಲವರನ್ನೂ, ಫಿನ್ನಿಷ್ ಮತ್ತು ಸ್ವೀಡಿಷ್ ಎರಡನ್ನೂ ಬಲ್ಲ ದ್ವಿಭಾಷಿಕರನ್ನೂ ಹೋಲಿಸಿತು. ಏಕಭಾಷಿಕರು ಕಡಿಮೆ ಮತ್ತು ಮಧ್ಯಮ ಬಳಕೆಯ ವಿಭಕ್ತಿರೂಪಗಳನ್ನು ಬಿಡಿಸಿದರೆ, ಅತಿ ಹೆಚ್ಚು ಬಳಕೆಯ ರೂಪಗಳನ್ನು ಇಡಿಯಾಗಿ ಗುರುತಿಸಿದರು. ದ್ವಿಭಾಷಿಕರಾದರೋ ಹೆಚ್ಚು ಬಳಕೆಯ ರೂಪಗಳನ್ನೂ ಬಿಡಿಸಿದರು. ಎರಡು ಭಾಷೆಗಳ ನಡುವೆ ಸಮಯ ಹಂಚಿಹೋಗುವುದರಿಂದ ಅವರಿಗೆ ಪ್ರತಿಯೊಂದು ರೂಪವೂ ಎದುರಾಗುವ ಸಲಗಳು ಕಡಿಮೆ ಎಂಬುದು ಇದಕ್ಕೆ ಕೊಡಲಾದ ವಿವರಣೆ. ಬಿಡಿಸುವಿಕೆ ಅಜ್ಞಾನದ ಲಕ್ಷಣವಲ್ಲ, ಬಳಕೆಯ ಪ್ರಮಾಣಕ್ಕೆ ಮನಸ್ಸು ನೀಡುವ ಉತ್ತರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೊದಲ ಭಾಷೆಯ ಪ್ರಭಾವವನ್ನು ತಿಳಿಯಲು ಮಾರ್ಯಾ ಪೋರ್ಟಿನ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಸ್ವೀಡಿಷ್ ಕಲಿತ ಹಂಗೇರಿಯನ್ ಮತ್ತು ಚೀನೀ ಭಾಷಿಕರನ್ನು ಹೋಲಿಸಿದರು. ಹಂಗೇರಿಯನ್ ಅಂಟು ಭಾಷೆ. ಚೀನೀ ಭಾಷೆಯಲ್ಲಿ ವಿಭಕ್ತಿಪ್ರತ್ಯಯಗಳಿಲ್ಲ. ಹೆಚ್ಚು ಬಳಕೆಯಲ್ಲಿಲ್ಲದ ಪದಗಳನ್ನು ಹಂಗೇರಿಯನ್ ಭಾಷಿಕರು ಬಿಡಿಸಿದ ಲಕ್ಷಣ ಕಂಡಿತು. ಚೀನೀ ಭಾಷಿಕರಲ್ಲಿ ಅದು ಕಾಣಲಿಲ್ಲ. 2014ರಲ್ಲಿ ಸೆಪ್ಪೊ ವೈನಿಯೊ, ಅನ್ನೆಲಿ ಪಾಯುನೆನ್ ಮತ್ತು ಯುಕ್ಕ ಹ್ಯುವೊನ್ಯಾ ಅವರು ಫಿನ್ನಿಷ್ ಕಲಿಯುವ ರಷ್ಯನ್ ಮತ್ತು ಚೀನೀ ಭಾಷಿಕರ ಮೇಲೆ ಇದೇ ಬಗೆಯ ಪರೀಕ್ಷೆಯನ್ನು ನಡೆಸಿ, ಮೊದಲ ಭಾಷೆಯ ಜೊತೆಗೆ ಕೂಡುಗೆಯ ಸ್ಪಷ್ಟತೆಯನ್ನೂ ಪರಿಶೀಲಿಸಿದರು.

ಇದಕ್ಕೆ ಭಿನ್ನವಾದ ನಿಲುವೂ ಇದೆ. ಹರಾಲ್ಡ್ ಕ್ಲಾಸೆನ್ ಮತ್ತು ಸಹೋದ್ಯೋಗಿಗಳ ಪ್ರಕಾರ ದೊಡ್ಡವರಾದ ಮೇಲೆ ಭಾಷೆ ಕಲಿತವರು ವ್ಯಾಕರಣರಚನೆಗಿಂತ ಹೆಚ್ಚಾಗಿ ನೆನಪು ಮತ್ತು ಅರ್ಥಸೂಚನೆಗಳನ್ನು ಅವಲಂಬಿಸುತ್ತಾರೆ. ಬಿಲಾಲ್ ಕಿರ್ಕಿಜಿ ಮತ್ತು ಕ್ಲಾಸೆನ್ 2013ರಲ್ಲಿ ಪ್ರಕಟಿಸಿದ ತುರ್ಕಿ ಅಧ್ಯಯನದಲ್ಲಿ, ಮಾತೃಭಾಷಿಕರಲ್ಲಿ ಕ್ರಿಯಾಪ್ರತ್ಯಯ ಮತ್ತು ಪದಸಾಧಕ ಪ್ರತ್ಯಯ ಎರಡಕ್ಕೂ ಪೂರ್ವಸೂಚನೆಯ ಪರಿಣಾಮ ಕಂಡಿತು. ಎರಡನೆಯ ಭಾಷೆಯಾಗಿ ಕಲಿತವರಲ್ಲಿ ಅದು ಪದಸಾಧಕ ಪ್ರತ್ಯಯಗಳಿಗೆ ಮಾತ್ರ ಕಂಡಿತು.

ಕನ್ನಡದಲ್ಲಿ ಸಂಬಂಧಿತ ಸಂಶೋಧನೆ

ಕನ್ನಡ ಮಾತೃಭಾಷೆಯ ಮಕ್ಕಳನ್ನು ಕುರಿತ ಒಂದು ಅಧ್ಯಯನ ಅಂತರರಾಷ್ಟ್ರೀಯ ಗಮನ ಸೆಳೆದಿದೆ. 2003ರಲ್ಲಿ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ ಅವರು, "ಇಸು" ಎಂಬ ಪ್ರೇರಣಾರ್ಥಕ ಪ್ರತ್ಯಯವನ್ನು ಮೂರು ವರ್ಷದ ಆಸುಪಾಸಿನ ಮಕ್ಕಳು ಹೇಗೆ ಗ್ರಹಿಸುತ್ತಾರೆ ಎಂಬುದನ್ನು ಪರೀಕ್ಷಿಸಿದರು. "ಕುದಿ" ಎಂಬುದು "ಕುದಿಸು" ಎಂದಾದಾಗ ಇನ್ನೊಬ್ಬರು ಆ ಕೆಲಸವನ್ನು ಉಂಟುಮಾಡುತ್ತಾರೆ ಎಂಬ ಅರ್ಥವನ್ನು ಪ್ರತ್ಯಯವೇ ಸೂಚಿಸುತ್ತದೆ. ಆದರೂ ಮಕ್ಕಳು ಪ್ರತ್ಯಯಕ್ಕಿಂತ ವಾಕ್ಯದಲ್ಲಿರುವ ನಾಮಪದಗಳ ಸಂಖ್ಯೆಯನ್ನೇ ಸೂಚನೆಯಾಗಿ ಬಳಸಿದರು. ಪ್ರತ್ಯಯ ಕಿವಿಗೆ ಬೀಳುತ್ತಿದೆ ಎಂದ ಮಾತ್ರಕ್ಕೆ ಅದು ಅರ್ಥದ ಸೂಚಕವಾಗಿ ಬಳಕೆಯಾಗುವುದಿಲ್ಲ ಎಂಬುದನ್ನು ಈ ಫಲಿತಾಂಶ ತೋರಿಸುತ್ತದೆ.

ಓದುವಿಕೆಯ ಕ್ಷೇತ್ರದಲ್ಲಿ ಸೋನಾಲಿ ನಾಗ್ ಅವರ ಅಧ್ಯಯನಗಳು ಮುಖ್ಯವಾದವು. ಕನ್ನಡದ ನೂರಾರು ಗುಣಿತಾಕ್ಷರ ಮತ್ತು ಸಂಯುಕ್ತಾಕ್ಷರಗಳ ಕಲಿಕೆಯು ಪ್ರಾಥಮಿಕ ಶಾಲೆಯ ಮೊದಲ ತರಗತಿಗಳನ್ನು ದಾಟಿಯೂ ಮುಂದುವರಿಯುತ್ತದೆ ಎಂದು ಅವರು 2007ರ ಪ್ರಬಂಧದಲ್ಲಿ ತೋರಿಸಿದ್ದಾರೆ. ಮೈಸೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ಮತ್ತು ಅದರ ಅಂಗವಾದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರವು ಇತರ ರಾಜ್ಯಗಳ ಶಿಕ್ಷಕರಿಗೆ ಕನ್ನಡವನ್ನು ಎರಡನೆಯ ಭಾಷೆಯಾಗಿ ಬೋಧಿಸುತ್ತ ಬಂದಿವೆ.

ಕಲಬುರಗಿಯ ಭಾಷಾ ಪರಿಸರ

ಕಲಬುರಗಿಯು 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಮೊದಲ ರಾಜಧಾನಿಗಳಲ್ಲಿ ಮುಖ್ಯವಾದುದು. ಶಹಾಬಜಾರದ ಹಳೆಯ ಮಸೀದಿ ಆ ಕಾಲದ ಕಟ್ಟಡ. ದಖನ್ ಪ್ರದೇಶದಲ್ಲಿ ಬೆಳೆದ ದಖನಿ ಉರ್ದು ಇಲ್ಲಿನ ಅನೇಕ ಕುಟುಂಬಗಳ ಮನೆಮಾತು. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಈ ಪ್ರದೇಶದಲ್ಲಿ ನಿಜಾಮರ ಆಡಳಿತದ ಕೊನೆಯವರೆಗೆ ಉರ್ದು ಆಡಳಿತಭಾಷೆಯಾಗಿತ್ತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಇದರಿಂದ ಕಚೇರಿ ಮತ್ತು ಶಾಲೆಗಳಲ್ಲಿ ಕನ್ನಡದ ಅಗತ್ಯ ಹೆಚ್ಚಿತು. ಜಿಲ್ಲೆಯಲ್ಲಿ ದಖನಿಯಲ್ಲದೆ ಮರಾಠಿ, ತೆಲುಗು ಮತ್ತು ಲಂಬಾಣಿ ಭಾಷೆಗಳೂ ಬಳಕೆಯಲ್ಲಿವೆ. ಕಮಲಾಪುರ ಸೇರಿದಂತೆ ಹಲವು ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ.

ಇಂತಹ ಗಡಿಪ್ರದೇಶಗಳಲ್ಲಿ ಭಾಷೆಗಳು ಒಂದನ್ನೊಂದು ಹೋಲತೊಡಗುತ್ತವೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ನಡೆಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿನ ಕನ್ನಡ, ಮರಾಠಿ ಮತ್ತು ಉರ್ದುಗಳು ತಮ್ಮ ಪದಗಳನ್ನು ಉಳಿಸಿಕೊಂಡು ವಾಕ್ಯರಚನೆಯಲ್ಲಿ ಬಹುಮಟ್ಟಿಗೆ ಒಂದಾಗಿವೆ. ದಖನಿಯಲ್ಲಿಯೂ ದ್ರಾವಿಡ ಪ್ರಭಾವ ಕಾಣುತ್ತದೆ. ಕನ್ನಡದ "ಎಂದು" ಎಂಬುದಕ್ಕೆ ಸಮನಾಗಿ ಅದರಲ್ಲಿ "ಬೋಲ್‌ಕೆ" ಬಳಕೆಯಾಗುತ್ತದೆ.

ಮೊದಲ ಭಾಷೆಯ ಪ್ರಭಾವ

ದಖನಿ ಭಾಷಿಕನಿಗೆ ಕನ್ನಡದ ವಾಕ್ಯಕ್ರಮ ಹೊಸದಲ್ಲ. ಕರ್ತೃ, ಕರ್ಮ, ಕ್ರಿಯೆ ಎಂಬ ಕ್ರಮ ಎರಡರಲ್ಲೂ ಇದೆ. "ನನಗೆ ಗೊತ್ತು" ಎಂಬ ರಚನೆಗೆ "ಮೇರೆಕೋ ಮಾಲೂಮ್" ಸರಿಸಮನಾಗಿದೆ. ವ್ಯತ್ಯಾಸವಿರುವುದು ಪದದ ಒಳಗೆ. ಉರ್ದುವಿನ "ಘರ್ ಮೇಂ", "ಘರ್ ಕೋ", "ಘರ್ ಸೇ" ಎಂಬಲ್ಲಿ ನಾಮಪದದ ನಂತರ ಬರುವ ಅಂಶಗಳನ್ನು ಬಿಡಿಪದಗಳಾಗಿಯೇ ಬರೆಯಲಾಗುತ್ತದೆ. ಆದ್ದರಿಂದ ಬರಹದಲ್ಲಿ ಪ್ರಕೃತಿಯ ಗಡಿ ಕಣ್ಣಿಗೆ ಕಾಣುತ್ತದೆ. ಕನ್ನಡದಲ್ಲಿ ಆ ಗಡಿಯನ್ನು ಓದುಗನೇ ಕಂಡುಕೊಳ್ಳಬೇಕು.

ಇನ್ನೊಂದು ವ್ಯತ್ಯಾಸ ಅರ್ಥದ ಹಂಚಿಕೆಯದು. ಉರ್ದುವಿನ "ಕೋ" ಒಂದೇ ಕನ್ನಡದ ಎರಡು ವಿಭಕ್ತಿಗಳ ಕೆಲಸ ಮಾಡುತ್ತದೆ. "ಭಾಯಿ ಕೋ ಬುಲಾ" ಎಂಬುದು ಕನ್ನಡದಲ್ಲಿ "ಅಣ್ಣನನ್ನು ಕರೆ" ಎಂದಾದರೆ "ಭಾಯಿ ಕೋ ದೇ" ಎಂಬುದು "ಅಣ್ಣನಿಗೆ ಕೊಡು" ಎಂದಾಗುತ್ತದೆ. ಕಲಿಯುವವನು ಒಂದೇ ಎಂದು ತಿಳಿದಿದ್ದುದನ್ನು ಎರಡಾಗಿ ಒಡೆಯಬೇಕು. ಮರಾಠಿಯ "ಲಾ" ಪ್ರತ್ಯಯದ ವಿಷಯದಲ್ಲಿಯೂ ಹೀಗೆಯೇ. ಆದರೆ ಮರಾಠಿಯಲ್ಲಿ "ಘರ್" ಎಂಬುದು "ಘರಾತ್", "ಘರಾಲಾ" ಎಂದಾಗುವಂತೆ ಪ್ರಕೃತಿಯು ಬದಲಾಗುತ್ತದೆ ಮತ್ತು ಪ್ರತ್ಯಯವನ್ನು ಅಂಟಿಸಿಯೇ ಬರೆಯಲಾಗುತ್ತದೆ. ತೆಲುಗಿನಲ್ಲಿ "ಇಲ್ಲು" ಎಂಬುದು "ಇಂಟಿಕಿ", "ಇಂಟ್ಲೋ" ಎಂದಾಗುತ್ತದೆ. ಆದ್ದರಿಂದ "ಮರ", "ಮರದಲ್ಲಿ" ಎಂಬ ಬಗೆಯ ಬದಲಾವಣೆ ಮರಾಠಿ ಮತ್ತು ತೆಲುಗು ಭಾಷಿಕರಿಗೆ ಪರಿಚಿತವಾದ ವಿನ್ಯಾಸವಾಗಿದೆ. ಹಂಗೇರಿಯನ್ ಮತ್ತು ಚೀನೀ ಭಾಷಿಕರ ಹೋಲಿಕೆಯಿಂದ ತಿಳಿದ ತತ್ತ್ವವು ಇಲ್ಲಿ ಪ್ರಸ್ತುತ: ಪದವನ್ನು ಬಿಡಿಸುವ ಅಭ್ಯಾಸ ಮೊದಲ ಭಾಷೆಯಲ್ಲಿದ್ದರೆ ಅದು ಎರಡನೆಯ ಭಾಷೆಗೂ ಒದಗಬಲ್ಲದು.

ಲಿಪಿಯ ಪಾತ್ರ

ರೋಮನ್ ಲಿಪಿಯಲ್ಲಿ ಬರೆಯುವ ಫಿನ್ನಿಷ್‌ನಲ್ಲಿ ಪ್ರಕೃತಿ ಮತ್ತು ಪ್ರತ್ಯಯಗಳ ಗಡಿಯು ಎರಡು ಅಕ್ಷರಗಳ ನಡುವೆ ಬೀಳುತ್ತದೆ. ಕನ್ನಡದಲ್ಲಿ ಅದು ಅನೇಕ ವೇಳೆ ಒಂದು ಅಕ್ಷರದ ಒಳಗೇ ಇರುತ್ತದೆ. "ಊರು" ಮತ್ತು "ಇಂದ" ಕೂಡಿ "ಊರಿಂದ" ಎಂದಾದಾಗ ಲೋಪಸಂಧಿಯಿಂದ ಉಕಾರ ಬಿಟ್ಟುಹೋಗುತ್ತದೆ. ಆಗ "ರಿಂ" ಎಂಬ ಒಂದೇ ಲಿಪಿರೂಪದಲ್ಲಿ ರ್ ವ್ಯಂಜನವು ಪ್ರಕೃತಿಗೂ, ಇಕಾರ ಮತ್ತು ಸೊನ್ನೆ ಪ್ರತ್ಯಯಕ್ಕೂ ಸೇರಿರುತ್ತವೆ. "ಗುರುವನ್ನು" ಎಂಬಲ್ಲಿ ಆಗಮವಾದ ವಕಾರವು ಪ್ರತ್ಯಯದ ಸ್ವರವನ್ನು ಹೊತ್ತುಕೊಂಡಿದೆ. ಇದಕ್ಕೆ ಪ್ರತಿಯಾಗಿ "ಮನೆಗೆ" ಎಂಬಲ್ಲಿ ಗಡಿಯು ಎರಡು ಅಕ್ಷರಗಳ ನಡುವೆ ನಿಚ್ಚಳವಾಗಿದೆ. ಆದ್ದರಿಂದ ಕನ್ನಡ ಓದುಗನು ಪ್ರತ್ಯಯವನ್ನು ಬೇರ್ಪಡಿಸಲು ಅಕ್ಷರವನ್ನು ವ್ಯಂಜನ ಮತ್ತು ಸ್ವರವಾಗಿ ಒಡೆಯುವ ಅರಿವನ್ನೂ ಪಡೆದಿರಬೇಕಾಗುತ್ತದೆ. ಬಲದಿಂದ ಎಡಕ್ಕೆ ಸಾಗುವ ಉರ್ದು ಲಿಪಿಯಲ್ಲಿ ಮೊದಲು ಓದು ಕಲಿತ ಮಗುವಿಗೆ ಲಿಪಿ ಮತ್ತು ಪದರಚನೆ ಎರಡೂ ಒಟ್ಟಿಗೆ ಹೊಸದಾಗಿರುತ್ತವೆ.

ಆಡುರೂಪ ಮತ್ತು ಗ್ರಂಥರೂಪ

ಬೀದಿಯಲ್ಲಿ ಕೇಳುವ ಕನ್ನಡಕ್ಕೂ ಪಠ್ಯಪುಸ್ತಕದ ಕನ್ನಡಕ್ಕೂ ಇರುವ ಅಂತರವು ಪ್ರತ್ಯಯಗಳಲ್ಲಿ ಎದ್ದುಕಾಣುತ್ತದೆ. ಕಲಬುರಗಿಯನ್ನು ಒಳಗೊಂಡ ಉತ್ತರ ಕರ್ನಾಟಕದ ಆಡುಮಾತಿನಲ್ಲಿ "ಮನೆಯಲ್ಲಿ" ಎಂಬುದಕ್ಕೆ "ಮನ್ಯಾಗ", "ಶಾಲೆಯಲ್ಲಿ" ಎಂಬುದಕ್ಕೆ "ಶಾಲ್ಯಾಗ", "ಬಜಾರದಲ್ಲಿ" ಎಂಬುದಕ್ಕೆ "ಬಜಾರದಾಗ" ಎನ್ನುತ್ತಾರೆ. ಇಲ್ಲಿ ಬದಲಾಗಿರುವುದು ಉಚ್ಚಾರಣೆಯಷ್ಟೇ ಅಲ್ಲ. "ಅಲ್ಲಿ" ಎಂಬ ಪ್ರತ್ಯಯದ ಸ್ಥಾನದಲ್ಲಿ "ಆಗ" ಎಂಬ ಬೇರೆಯೇ ಪ್ರತ್ಯಯವಿದೆ. ಕ್ರಿಯಾಪದಗಳಲ್ಲಿ "ಮಾಡುತ್ತಿದ್ದಾನೆ" ಎಂಬುದಕ್ಕೆ "ಮಾಡಾಕತ್ತಾನ", "ಮಾಡ್ಲಿಕತ್ತಾನ" ಮೊದಲಾದ ರೂಪಗಳಿವೆ.

ಬಳಕೆಯ ಪ್ರಮಾಣವು ಗ್ರಹಿಕೆಯನ್ನು ನಿರ್ಧರಿಸುತ್ತದೆ ಎಂಬ ತತ್ತ್ವದ ಹಿನ್ನೆಲೆಯಲ್ಲಿ ಇದು ಮಹತ್ವದ ಸಂಗತಿ. ಕನ್ನಡ ಮನೆಮಾತಾದ ಮಗುವಿಗೂ ಗ್ರಂಥರೂಪಗಳು ಹೊಸವೇ. ಆದರೆ ಅದಕ್ಕೆ ಆಡುಮಾತಿನ ಪ್ರತ್ಯಯವ್ಯವಸ್ಥೆಯೊಂದು ಮೊದಲೇ ದೃಢವಾಗಿರುತ್ತದೆ. ಎರಡನೆಯ ಭಾಷೆಯಾಗಿ ಕಲಿಯುವ ಮಗುವು ಬಜಾರದಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು ಹೀಗೆ ಎರಡು ಪ್ರತ್ಯಯವ್ಯವಸ್ಥೆಗಳನ್ನು ಏಕಕಾಲದಲ್ಲಿ ಕಲಿಯಬೇಕಾಗುತ್ತದೆ. ಬೀದಿಯಲ್ಲಿ ನೂರು ಸಲ ಕೇಳಿದ "ಮನ್ಯಾಗ" ಎಂಬುದು ಪುಸ್ತಕದ "ಮನೆಯಲ್ಲಿ" ಎಂಬ ರೂಪದ ಪರಿಚಯವನ್ನು ನೇರವಾಗಿ ಹೆಚ್ಚಿಸುವುದಿಲ್ಲ. ಹೀಗೆ ಕನ್ನಡದ ನಡುವೆಯೇ ಬೆಳೆದು ಸಲೀಸಾಗಿ ಮಾತನಾಡಬಲ್ಲ ಮಗುವೂ ಮುದ್ರಿತ ಕನ್ನಡವನ್ನು ತಡೆತಡೆದು ಓದುವುದು ಸಾಧ್ಯ.

ಕಲಿಯುವವರ ರೂಪಗಳ ಬಗೆಗಳು

ಕಲಿಯುವವರ ಭಾಷೆಯಲ್ಲಿ ಕಾಣುವ ರೂಪಗಳನ್ನು ಗ್ರಹಿಕೆಯ ದಾರಿಗೆ ಅನುಗುಣವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

• ಇಡಿಯಾಗಿ ಕಲಿತ ರೂಪ: "ನನಗೆ", "ಮನೆಗೆ" ಮೊದಲಾದವು ಸರಿಯಾಗಿ ಬಳಕೆಯಾಗುತ್ತವೆ, ಆದರೆ ಅವುಗಳಲ್ಲಿರುವ "ಗೆ" ಹೊಸ ಪದಕ್ಕೆ ಅನ್ವಯವಾಗುವುದಿಲ್ಲ.
• ನಿಯಮದ ಅತಿವ್ಯಾಪ್ತಿ: "ಮನೆಗೆ" ಎಂಬುದನ್ನು ಅನುಸರಿಸಿ "ಮರಕ್ಕೆ" ಎಂಬುದರ ಬದಲು "ಮರಗೆ", "ಮಾಡಿದ" ಎಂಬುದನ್ನು ಅನುಸರಿಸಿ "ಕೊಟ್ಟ" ಎಂಬುದರ ಬದಲು "ಕೊಡಿದ" ಎಂಬ ಬಗೆಯ ರೂಪಗಳು ಹುಟ್ಟುತ್ತವೆ. ಇವು ತಪ್ಪಾದರೂ ಪದವನ್ನು ಬಿಡಿಸುವ ಶಕ್ತಿ ಬಂದಿದೆ ಎಂಬುದರ ಸೂಚನೆಯಾಗಿವೆ.
• ಪ್ರತ್ಯಯಲೋಪ: ಪ್ರಕೃತಿಯನ್ನು ಮಾತ್ರ ಬಳಸುವುದು. ಆದರೆ "ಪುಸ್ತಕ ಓದಿದ" ಎಂಬಂತೆ ವಸ್ತುವಾಚಕಗಳಲ್ಲಿ ದ್ವಿತೀಯಾ ಪ್ರತ್ಯಯವನ್ನು ಬಿಡುವುದು ಕನ್ನಡದಲ್ಲಿ ರೂಢಿಯಲ್ಲಿರುವುದರಿಂದ ಎಲ್ಲ ಲೋಪಗಳನ್ನೂ ತಪ್ಪೆಂದು ಎಣಿಸಲಾಗದು.

ಮೊದಲ ಬಗೆಯಿಂದ ಎರಡನೆಯ ಬಗೆಗೆ ಸಾಗುವಾಗ ತಪ್ಪುಗಳ ಸಂಖ್ಯೆ ಹೆಚ್ಚಿದಂತೆ ಕಾಣಬಹುದು. ಮೌಲ್ಯಮಾಪನದಲ್ಲಿ ತಪ್ಪುಗಳನ್ನು ಎಣಿಸುವುದರ ಜೊತೆಗೆ ಅವುಗಳ ಬಗೆಯನ್ನೂ ಗಮನಿಸಿದರೆ ಕಲಿಕೆಯ ಪ್ರಗತಿ ತಿಳಿಯುತ್ತದೆ.

ಶೈಕ್ಷಣಿಕ ಮಹತ್ವ

ಪ್ರತ್ಯಯವನ್ನು ಗ್ರಹಿಸುವುದು ಕನ್ನಡ ವಿಷಯದ ಅಂಕಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಗಣಿತದ ಲೆಕ್ಕವೊಂದರಲ್ಲಿ "48ನ್ನು 12ರಿಂದ ಭಾಗಿಸಿ" ಎಂಬುದಕ್ಕೂ "48ರಿಂದ 12ನ್ನು ಭಾಗಿಸಿ" ಎಂಬುದಕ್ಕೂ ಸಂಖ್ಯೆಗಳ ಕ್ರಮ ಒಂದೇ. ಯಾವುದನ್ನು ಯಾವುದರಿಂದ ಭಾಗಿಸಬೇಕು ಎಂಬುದನ್ನು ಪ್ರತ್ಯಯಗಳು ಮಾತ್ರ ತಿಳಿಸುತ್ತವೆ. ಉತ್ತರವು ಮೊದಲನೆಯದರಲ್ಲಿ 4, ಎರಡನೆಯದರಲ್ಲಿ ಕಾಲು ಭಾಗ. ಅದೇ "ರಿಂದ" ಪ್ರತ್ಯಯವು "48ರಿಂದ 12ನ್ನು ಕಳೆಯಿರಿ" ಎಂಬಲ್ಲಿ ಬೇರೆ ಸಂಬಂಧವನ್ನು ಸೂಚಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುವ ತಾಂಡಾದ ಮಗುವಿಗೆ ಭಾಗಾಕಾರ ಬಂದರೂ ಪ್ರತ್ಯಯ ತಿಳಿಯದಿದ್ದರೆ ಲೆಕ್ಕ ತಪ್ಪುತ್ತದೆ. ಆಗ ಆ ತಪ್ಪು ಗಣಿತದ ತಪ್ಪಾಗಿ ದಾಖಲಾಗುತ್ತದೆ.

ಉರ್ದು ಮಾಧ್ಯಮದ ಶಾಲೆಗಳಲ್ಲಿ ಕನ್ನಡವನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿಸಲಾಗುತ್ತದೆ. ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015ರ ಅನ್ವಯ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಹಂತಹಂತವಾಗಿ ಕಡ್ಡಾಯಗೊಳಿಸಲಾಗಿದೆ. ಕರ್ನಾಟಕ ಲೋಕಸೇವಾ ಆಯೋಗದ ನೇಮಕಾತಿಗಳಲ್ಲಿ ಕಡ್ಡಾಯ ಕನ್ನಡ ಪರೀಕ್ಷೆಯೂ ಇದೆ. ಆದ್ದರಿಂದ ಮುದ್ರಿತ ಕನ್ನಡವನ್ನು ವೇಗವಾಗಿ ಓದುವ ಸಾಮರ್ಥ್ಯವು ಉದ್ಯೋಗಾವಕಾಶಕ್ಕೂ ಸಂಬಂಧಿಸಿದೆ.

ಬೋಧನೆಗೆ ಅನ್ವಯ

ಮೇಲಿನ ಅಧ್ಯಯನಗಳು ಮತ್ತು ಕನ್ನಡದ ರಚನೆಯಿಂದ ಬೋಧನೆಗೆ ಉಪಯುಕ್ತವಾದ ಕೆಲವು ತತ್ತ್ವಗಳು ದೊರೆಯುತ್ತವೆ.

• ಗಡಿ ಸ್ಪಷ್ಟವಾಗಿರುವ "ಮನೆಗೆ", "ಶಾಲೆಗೆ" ಮೊದಲಾದ ರೂಪಗಳಿಂದ ಆರಂಭಿಸಿ, ಆಗಮವಿರುವ "ಮನೆಯಲ್ಲಿ", ನಂತರ ಪ್ರಕೃತಿ ಬದಲಾಗುವ "ಮರದಲ್ಲಿ", "ಊರಿನಲ್ಲಿ" ಎಂಬ ಕ್ರಮದಲ್ಲಿ ಸಾಗುವುದು.
• ಹೊಸ ನಾಮಪದವನ್ನು ಅದರ ಷಷ್ಠೀ ರೂಪದೊಡನೆ ಕಲಿಸುವುದು: ಮರ, ಮರದ, ಊರು, ಊರಿನ, ಗುರು, ಗುರುವಿನ. "ಇಂದ" ಮತ್ತು "ಅಲ್ಲಿ" ಸೇರುವ ಅಂಗವು ಈ ರೂಪದಲ್ಲಿಯೇ ಇರುವುದರಿಂದ ಒಂದನ್ನು ತಿಳಿದರೆ ಉಳಿದವನ್ನು ರಚಿಸಬಹುದು. "ಮರಕ್ಕೆ" ಎಂಬ ಬಗೆಯ ಚತುರ್ಥೀ ರೂಪಗಳನ್ನು ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ.
• "ಬಂದ", "ಕೊಟ್ಟ", "ಬಿದ್ದ" ಮೊದಲಾದ ಅನಿಯಮಿತ ರೂಪಗಳನ್ನು ನಿಯಮದಿಂದ ಸಾಧಿಸಲು ಹೋಗದೆ, ಪದೇಪದೇ ಓದಿಸುವ ಮೂಲಕ ಇಡಿರೂಪಗಳಾಗಿಯೇ ರೂಢಿಮಾಡಿಸುವುದು.
• "ಮನ್ಯಾಗ" ಮತ್ತು "ಮನೆಯಲ್ಲಿ" ಎಂಬಂತೆ ಆಡುರೂಪ ಮತ್ತು ಗ್ರಂಥರೂಪಗಳನ್ನು ಜೊತೆಯಾಗಿಟ್ಟು ತೋರಿಸುವುದು. ಇದರಿಂದ ಮಗುವಿಗೆ ಮೊದಲೇ ತಿಳಿದಿರುವ ಕನ್ನಡವು ಓದಿಗೆ ಆಧಾರವಾಗುತ್ತದೆ.
• "ಕೋ" ಎಂಬುದಕ್ಕೆ "ಅನ್ನು" ಮತ್ತು "ಗೆ" ಎಂಬ ಎರಡು ಸಮಾನಗಳಿರುವುದನ್ನು ಕಲಿಯುವವನ ಭಾಷೆಯ ಮೂಲಕವೇ ವಿವರಿಸುವುದು.
• ಒಂದೇ ಪ್ರತ್ಯಯವನ್ನು ಬೇರೆಬೇರೆ ಪದಗಳಲ್ಲಿ ಕಾಣುವಂತೆ ವಾಚನಸಾಮಗ್ರಿಯನ್ನು ರಚಿಸುವುದು. ಒಂದೇ ಪದವನ್ನು ಪುನರಾವರ್ತಿಸುವುದರಿಂದ ಆ ಪದ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಪದಗಳು ಬದಲಾಗುತ್ತ ಪ್ರತ್ಯಯ ಉಳಿದಾಗ ಪ್ರತ್ಯಯವೇ ಗುರುತಿಗೆ ಬರುತ್ತದೆ.

ಪದವನ್ನು ಬಿಡಿಸಿ ಓದುವ ವಿದ್ಯಾರ್ಥಿಯ ಓದು ಆರಂಭದಲ್ಲಿ ನಿಧಾನವಾಗಿರುತ್ತದೆ. ಫಿನ್ಲೆಂಡಿನ ದ್ವಿಭಾಷಿಕರ ಅಧ್ಯಯನವು ತೋರಿಸುವಂತೆ, ಎರಡೂ ಭಾಷೆಗಳನ್ನು ಚೆನ್ನಾಗಿ ಬಲ್ಲವರಲ್ಲಿಯೂ ಬಿಡಿಸುವಿಕೆ ಉಳಿದಿರುತ್ತದೆ. ಆದ್ದರಿಂದ ಓದಿನ ವೇಗವೊಂದನ್ನೇ ಭಾಷಾಜ್ಞಾನದ ಅಳತೆಯಾಗಿ ಬಳಸಿದರೆ ಇಂತಹ ಕಲಿಯುವವರ ಸಾಮರ್ಥ್ಯವನ್ನು ಕಡಿಮೆಯಾಗಿ ಅಂದಾಜು ಮಾಡಿದಂತಾಗುತ್ತದೆ.